ವಾಲಿದ ಮೋಟಾರು

ವಾಚಕ ಮಹಾಶಯರೇ, ಈ ಸಲದ ಶೀರ್ಷಿಕೆಯನ್ನು ಕಂಡು ನಿಮ್ಮಲ್ಲಿ ಕೆಲವರಾದರೂ ನಕ್ಕಿರಬೇಕು. ಬದುಕಿನುದ್ದಕ್ಕೂ ಮಕ್ಕಳಿಗೆ ಶಬ್ದರೂಪಗಳನ್ನೂ ಧಾತುಪಾಠವನ್ನೂ ಬಾಯಿಪಾಠ ಮಾಡಿಸಿ, ಈಗ ನಿವೃತ್ತಿವೇತನದಲ್ಲಿ ದಿನ ಕಳೆಯುತ್ತಿರುವ ಸಂಸ್ಕೃತದ ಮಾಸ್ತರನಿಗೆ ಮೋಟಾರಿನ ಗೊಡವೆ ಏತಕ್ಕೆ? ಪ್ರಶ್ನೆ ನ್ಯಾಯವಾದದ್ದೇ. ನನಗೆ ಮೋಟಾರು ನಡೆಯಿಸಲು ಬಾರದು. ಪಾನಾ ಹಿಡಿದು ಒಂದು ಬೋಲ್ಟನ್ನಾದರೂ ಸಡಿಲಿಸಿದವನಲ್ಲ. ಆದಾಗ್ಯೂ ಕಳೆದ ಮಾಘಮಾಸದ ಒಂದು ಆದಿತ್ಯವಾರ, ಕಲಬುರಗಿಯ ನನ್ನ ಮನೆಯ ಅಂಗಳದಲ್ಲಿ, ಬೆಳಗಿನಿಂದ ಬೈಗಿನ ಪರ್ಯಂತ ಅಳತೆಯ ಟೇಪು ಹಿಡಿದು ಒಂದು ಹಳೆಯ ಮೋಟಾರಿನ ಸುತ್ತ ತಿರುಗಿದ್ದುಂಟು. ಅಂದು ಕಲಿತದ್ದು ಹಳೆಯ ವಾಹನವನ್ನು ಮನೆಯಲ್ಲಿ ಇಟ್ಟುಕೊಂಡಿರತಕ್ಕವರಿಗೆ ನೇರವಾಗಿ ಉಪಯೋಗಕ್ಕೆ ಬರುವಂಥದು. ಇಟ್ಟುಕೊಳ್ಳದವರಿಗೂ ನಿರುಪಯುಕ್ತವಾಗಲಾರದೆಂದು ನನ್ನ ನಂಬಿಕೆ.

ಸಂಗತಿಯು ಹೀಗೆ ಮೊದಲಾಯಿತು. ನನ್ನಲ್ಲಿ ಓದಿದ ಹುಡುಗನೊಬ್ಬನು ಈಗ ಕಲಬುರಗಿಯಲ್ಲಿ ವಕೀಲಿ ಮಾಡುತ್ತಿದ್ದಾನೆ. ಆ ದಿನಕ್ಕೆ ಎರಡು ದಿನ ಮೊದಲು, ಸಂಜೆಯ ಹೊತ್ತು, ಒಂದು ಕಾಗದವನ್ನು ಹಿಡಿದುಕೊಂಡು ಮನೆಗೆ ಬಂದನು. “ಗುರುಗಳೇ, ಒಂದು ನೋಟೀಸು ಬರೆದೀನ್ರಿ. ಕನ್ನಡ ಸ್ವಲ್ಪ ತಿದ್ದಿ ಕೊಡ್ರಿ” ಎಂದನು. ಓದಿ ನೋಡಿದೆನು. ಅವನ ತಂದೆಯ ಕಾಲದಿಂದ ಅವರ ಮೋಟಾರನ್ನು ದುರಸ್ತಿ ಮಾಡುತ್ತ ಬಂದ ಒಬ್ಬ ವೃದ್ಧ ಉಸ್ತಾದರ ಮೇಲೆ ಬರೆದ ನೋಟೀಸು ಅದು. ಹಿಂಭಾಗದ ಕಮಾನನ್ನು ಬಿಚ್ಚಿ ಸರಿಪಡಿಸುವುದಾಗಿ ಹೇಳಿ ಹಣ ತೆಗೆದುಕೊಂಡು, ಕೆಲಸವನ್ನು ಮಾಡದೆಯೇ ವಾಹನವನ್ನು ಹಿಂದಿರುಗಿಸಿದ್ದಾರೆ ಎಂಬುದು ಆರೋಪ. ಆಧಾರವೇನೆಂದು ಕೇಳಿದೆನು. “ಕಣ್ಣಿಗೇ ಕಾಣ್ತದಲ್ರೀ! ಮೊದಲು ಹ್ಯಾಂಗ ಎಡಕ್ಕ ಬಾಗಿತ್ತೋ ಈಗಲೂ ಹಾಂಗೇ ಬಾಗ್ಯಾದ” ಎಂದನು.

ನಾನು ನೋಟೀಸಿನ ವ್ಯಾಕರಣವನ್ನು ತಿದ್ದಲಿಲ್ಲ. “ತಮ್ಮಾ, ಬಾಗಿದ್ದು ನಿಜ. ಆದರೆ ಕಮಾನಿನಿಂದಲೇ ಬಾಗಿದೆ ಎಂಬುದಕ್ಕೆ ಪ್ರಮಾಣವೆಲ್ಲಿ? ಆದಿತ್ಯವಾರ ಮೋಟಾರನ್ನು ನಮ್ಮ ಅಂಗಳಕ್ಕೆ ತೆಗೆದುಕೊಂಡು ಬಾ, ಉಸ್ತಾದರನ್ನೂ ಕರೆದುಕೊಂಡು ಬಾ” ಎಂದೆನು. ಅವನಿಗೆ ಅದು ರುಚಿಸಲಿಲ್ಲ. ಆದರೆ ಹಳೆಯ ಮಾಸ್ತರನ ಮಾತನ್ನು ತೆಗೆದುಹಾಕಲಾರದೆ ಒಪ್ಪಿದನು.

ಮೋಟಾರಿನ ಕುಲವನ್ನು ಇಲ್ಲಿ ತಿಳಿಸಬೇಕು. ಅದು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನ ಟ್ರಯಂಫ್ ಕಂಪನಿಯು ೧೯೫೯ರಲ್ಲಿ ಹೊರತಂದ ಹೆರಾಲ್ಡ್ ಎಂಬ ಮೋಟಾರಿಗೆ ರೂಪುಕೊಟ್ಟವನು ಇಟಲಿಯ ಜೋವಾನಿ ಮಿಕೆಲೊಟ್ಟಿ. ಅದನ್ನೇ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು ೧೯೬೧ರಿಂದ ನಮ್ಮ ದೇಶದಲ್ಲಿ ತಯಾರಿಸತೊಡಗಿದರು. ಅಂಬಾಸಡರ್, ಫಿಯಟ್, ಹೆರಾಲ್ಡ್ ಎಂಬ ಈ ಮೂರು ಬಿಟ್ಟರೆ ನಮ್ಮ ಬೀದಿಗಳಲ್ಲಿ ಬೇರೆ ಮೋಟಾರು ಕಾಣುವುದೇ ಅಪರೂಪವಾಗಿದ್ದ ಕಾಲ ಅದು. ಅವುಗಳಲ್ಲಿ ಹೆರಾಲ್ಡು ಹಗುರವಾದದ್ದು, ಚಿಕ್ಕ ಜಾಗದಲ್ಲಿ ತಿರುಗುವಂಥದು, ಯುವಕರ ಮನಸ್ಸನ್ನು ಸೆಳೆಯತಕ್ಕದ್ದು. ಟ್ರಯಂಫ್ ಕಂಪನಿಯವರು ೧೯೬೨ರಲ್ಲಿ ಹೊರತಂದ ಸ್ಪಿಟ್‌ಫೈರ್ ಎಂಬ ಎರಡು ಆಸನದ ಕ್ರೀಡಾಮೋಟಾರು ಇದರ ಒಡಹುಟ್ಟೇ. ಅದರ ಗಾಲಿ, ಕಮಾನುಗಳ ಏರ್ಪಾಡು ಹೆರಾಲ್ಡಿನಿಂದಲೇ ಬಂದದ್ದು. ಆದ್ದರಿಂದ ಮುಂದೆ ಹೇಳುವುದು ಆ ಜಾತಿಯ ಮೋಟಾರುಗಳಿಗೂ ಹೊಂದುತ್ತದೆ.

ಈ ಹೆರಾಲ್ಡನ್ನು ಕೊಂಡವರು ನನ್ನ ಶಿಷ್ಯನ ತಂದೆ. ಕಮಲಾಪುರದ ಕಡೆಯ ಒಕ್ಕಲುತನದ ಮನೆತನದವರು. ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ. ಅಲ್ಲಿನ ಕೆಂಪು ಬಾಳೆಯ ಹಣ್ಣನ್ನು ತಿನ್ನದ ಕಲಬುರಗಿಯವರಿಲ್ಲ. ತಂದೆಯವರು ತೀರಿಕೊಂಡು ವರ್ಷಗಳಾದವು. ತಾಯಿ ಎಪ್ಪತ್ತೈದು ದಾಟಿದವರು, ಊರಿನ ಮನೆಯಲ್ಲಿಯೇ ಇದ್ದಾರೆ. ಹೋಳಿಯ ನಂತರ ಬರುವ ಶರಣಬಸವೇಶ್ವರರ ಜಾತ್ರೆಗೆ ಅವರು ಪ್ರತಿವರ್ಷವೂ ಈ ಮೋಟಾರಿನಲ್ಲಿಯೇ ಕಲಬುರಗಿಗೆ ಬರುವುದು ವಾಡಿಕೆ. ಆದರೆ ಹೋದ ದಸರೆಯಿಂದೀಚೆಗೆ “ನಾ ಆ ಕಾರಿನಾಗ ಕೂಡಂಗಿಲ್ಲ, ಬಸ್ಸಿಗೆ ಬರ್ತೀನಿ” ಎಂದು ಹಟ ಹಿಡಿದಿದ್ದರು. ಮಗನಿಗೆ ಕಾರಣ ತಿಳಿದಿರಲಿಲ್ಲ. ಮೋಟಾರಿನ ಮೇಲೆ ಅವನಿಗಿದ್ದ ಸಿಟ್ಟೆಲ್ಲ ಉಸ್ತಾದರ ಮೇಲೆ ತಿರುಗಿದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರಿತು.

ಆದಿತ್ಯವಾರ ಬೆಳಿಗ್ಗೆ ಎಲ್ಲರೂ ಕೂಡಿದೆವು. ಉಸ್ತಾದರು ಮಾತಾಡದೆ ಒಂದು ಬದಿಗೆ ನಿಂತಿದ್ದರು. “ಮಾಸ್ತರಸಾಬ್, ಕಮಾನ ಬರೋಬ್ಬರಿ ಅದರೀ. ಅಲ್ಲಾನ ಆಣಿ, ಖೋಟಾ ಕೆಲಸ ನಾ ಮಾಡಿಲ್ಲ” ಎಂದಷ್ಟೇ ಹೇಳಿದರು. ನಾನು ಇಬ್ಬರಿಗೂ ಎರಡು ನಿಯಮಗಳನ್ನು ಹಾಕಿದೆನು. ಒಂದು, ಕಂಡದ್ದನ್ನೆಲ್ಲ ಅಳೆದು ಬರೆದಿಡತಕ್ಕದ್ದು. ಎರಡು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಮತ್ತೆ ಅಳೆಯತಕ್ಕದ್ದು. ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂದು ಎರಡು ಮಾತುಗಳುಂಟು. ಇದು ಇದ್ದರೆ ಅದು ಇರುತ್ತದೆಯೇ, ಇದು ಇಲ್ಲದಾಗ ಅದು ಇಲ್ಲವಾಗುತ್ತದೆಯೇ ಎಂದು ಎರಡೂ ಕಡೆಯಿಂದ ನೋಡಿದ ಮೇಲಲ್ಲದೆ ಒಂದನ್ನು ಮತ್ತೊಂದರ ಕಾರಣವೆಂದು ಹೇಳಲಾಗದು. ಎರಡು ಮೂರನ್ನು ಒಟ್ಟಿಗೆ ಬದಲಾಯಿಸಿದರೆ ರೋಗ ವಾಸಿಯಾದರೂ ಯಾವ ಮದ್ದಿನಿಂದ ವಾಸಿಯಾಯಿತೆಂದು ತಿಳಿಯುವುದಿಲ್ಲ. ಬರೆಯಲು ಕಾಗದವಿರಲಿಲ್ಲ. ಶಿಷ್ಯನು ಕಿಸೆಯಿಂದ ಆ ನೋಟೀಸಿನ ಮಸೂದೆಯನ್ನೇ ತೆಗೆದು ಅದರ ಹಿಂಬದಿಯಲ್ಲಿ ಅಂಕಣಗಳನ್ನು ಎಳೆದನು.

ಮೊದಲು ನೆಲ. ನಮ್ಮ ಅಂಗಳಕ್ಕೆ ಶಹಾಬಾದಿನ ಪರಸಿಕಲ್ಲು ಹಾಸಿದೆ; ನೋಡುವುದಕ್ಕೆ ಸಮವಾಗಿಯೇ ಇದೆ. ಆದರೆ ಅಡಿಯಲ್ಲಿರುವುದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿದು ಕುಗ್ಗುತ್ತದೆ. ಗೌಂಡಿಗಳು ಉಪಯೋಗಿಸುವ ನೀರು ತುಂಬಿದ ಉದ್ದನೆಯ ಪಾರದರ್ಶಕ ನಳಿಗೆಯನ್ನು ತರಿಸಿ, ನಾಲ್ಕು ಗಾಲಿಗಳು ನಿಲ್ಲುವ ನಾಲ್ಕು ಸ್ಥಳಗಳನ್ನು ಪರೀಕ್ಷಿಸಿದೆವು. ಒಂದು ಕಲ್ಲು ೯ ಮಿಲಿಮೀಟರಿನಷ್ಟು ಕುಸಿದಿತ್ತು. ತಗಡಿನ ತುಂಡುಗಳನ್ನು ಇಟ್ಟು ಸಮ ಮಾಡಿಕೊಂಡೆವು. ನೆಲವೇ ಸೊಟ್ಟಾಗಿದ್ದರೆ ಮೋಟಾರನ್ನು ಸೊಟ್ಟೆನ್ನುವುದು ಹೇಗೆ?

ಎರಡನೆಯದು ಭಾರ. ಡಿಕ್ಕಿಯಲ್ಲಿದ್ದ ಹಳೆಯ ಸಾಮಾನನ್ನೆಲ್ಲ ಇಳಿಸಿದೆವು. ಈ ಮೋಟಾರಿನಲ್ಲಿ ಪೆಟ್ರೋಲಿನ ತೊಟ್ಟಿಯು ಡಿಕ್ಕಿಯ ಒಂದು ಪಕ್ಕದಲ್ಲಿದೆ. ಮೂವತ್ತು ಲೀಟರು ಪೆಟ್ರೋಲೆಂದರೆ ಸುಮಾರು ೨೨ ಕಿಲೋಗ್ರಾಮು ತೂಕ. ಆದ್ದರಿಂದ ದಿನವಿಡೀ ಪೆಟ್ರೋಲಿನ ಮಟ್ಟ ಒಂದೇ ಇರುವಂತೆ ನೋಡಿಕೊಂಡೆವು. ಒಳಗೆ ಯಾರೂ ಕೂಡಲಿಲ್ಲ.

ಮೂರನೆಯದು ಅಳೆಯುವ ರೀತಿ. ಇಲ್ಲಿ ಉಸ್ತಾದರು ಮೊದಲ ಸಲ ಬಾಯಿ ತೆರೆದರು. ಹೆರಾಲ್ಡಿನ ಹಿಂಗಾಲಿಗಳು ಅಂಬಾಸಡರಿನಂತೆ ಒಂದೇ ಗಟ್ಟಿ ಅಚ್ಚಿನ ಎರಡು ತುದಿಗಳಲ್ಲ. ನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆಯಿಂದ ಹಕ್ಕಿಯ ರೆಕ್ಕೆಗಳಂತೆ ಎರಡೂ ಬದಿಗೆ ಬೇರೆ ಬೇರೆಯಾಗಿ ತೂಗುವಂಥವು. ಜಾಕಿನಿಂದ ಎತ್ತಿ ಇಳಿಸಿದರೆ ಗಾಲಿಗಳ ಬುಡ ಒಳಕ್ಕೆ ಮಡಚಿಕೊಂಡು ಮೋಟಾರು ಹುಸಿಯಾಗಿ ಎತ್ತರದಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಪ್ರತಿ ಸಲ ಇಳಿಸಿದ ಮೇಲೆಯೂ ಹತ್ತು ಹದಿನೈದು ಅಡಿ ಹಿಂದಕ್ಕೆ ಮುಂದಕ್ಕೆ ತಳ್ಳಿ, ಎರಡೂ ತುದಿಗಳನ್ನು ಕೈಯಿಂದ ಒತ್ತಿ ಕುಣಿಸಿ, ಅದು ತಾನಾಗಿ ನೆಲೆಗೊಂಡ ಮೇಲೆಯೇ ಅಳೆಯಬೇಕು. ಇದನ್ನರಿಯದೆ ಅಳೆದವರ ಅಂಕಿಗಳೆಲ್ಲ ಸುಳ್ಳು.

ಅಳತೆಯನ್ನು ನಾವು ಎರಡು ಭಾಗ ಮಾಡಿದೆವು. ನೆಲದಿಂದ ಗಾಲಿಯ ನಡುಬಿಂದುವಿನವರೆಗೆ ಒಂದು. ನಡುಬಿಂದುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಮತ್ತೊಂದು. ಹೀಗೆ ಮಾಡುವುದರ ಲಾಭವೇನೆಂದರೆ, ಮೊದಲನೆಯದರಲ್ಲಿ ಎಡಬಲಕ್ಕೆ ಅಂತರವಿದ್ದರೆ ದೋಷವು ಟೈರಿನಲ್ಲಿದೆ. ಎರಡನೆಯದರಲ್ಲಿದ್ದರೆ ಕಮಾನಿನಲ್ಲೋ ಅದಕ್ಕೂ ಮೇಲಿನ ಭಾಗದಲ್ಲೋ ಇದೆ. ಒಟ್ಟು ಅಂತರ ೩೮ ಮಿಲಿಮೀಟರು; ಎಂದರೆ ಹಿಂದಿನ ಎಡಭಾಗವು ಬಲಭಾಗಕ್ಕಿಂತ ಒಂದೂವರೆ ಅಂಗುಲ ತಗ್ಗಿನಲ್ಲಿತ್ತು. ಅದರಲ್ಲಿ ೪ ಮಿಲಿಮೀಟರು ಕೇವಲ ಟೈರಿನದು. ಎಡಟೈರಿನಲ್ಲಿ ಗಾಳಿ ಕಡಿಮೆಯಿತ್ತು. ಗಾಳಿ ತುಂಬಿ ಸರಿಸಮ ಮಾಡಿದೆವು. ಉಳಿದದ್ದು ೩೪.

ನಾಲ್ಕನೆಯದಾಗಿ ಶಾಕ್ ಅಬ್ಸಾರ್ಬರು. ಮೋಟಾರು ವಾಲಿದರೆ ಬಹುಜನರು ಮೊದಲು ಬೊಟ್ಟುಮಾಡುವುದು ಇದರತ್ತಲೇ. ಆದರೆ ಎಣ್ಣೆಯ ಶಾಕ್ ಅಬ್ಸಾರ್ಬರಿನ ಕೆಲಸ ಕುಣಿತವನ್ನು ತಡೆಯುವುದೇ ಹೊರತು ಭಾರವನ್ನು ಹೊರುವುದಲ್ಲ. ಪರೀಕ್ಷಾರ್ಥವಾಗಿ ಹಿಂದಿನ ಎರಡರ ಕೆಳಗಿನ ಬೋಲ್ಟುಗಳನ್ನೂ ಬಿಚ್ಚಿಸಿ ಅಳೆಸಿದೆನು. ಅಂತರ ೩೪ ಇದ್ದದ್ದು ೩೪ರಲ್ಲಿಯೇ ನಿಂತಿತು. ಅದು ನಿರಪರಾಧಿಯೆಂದು ಬರೆದುಕೊಂಡೆವು.

ಐದನೆಯದಾಗಿ ರಬ್ಬರಿನ ಬುಷ್‌ಗಳು. ಕಮಾನಿನ ತುದಿಗಳಲ್ಲಿಯೂ ಗಾಲಿಯನ್ನು ಮುಂದಕ್ಕೆ ಹಿಡಿದಿರುವ ಸಲಾಕೆಯ ತುದಿಗಳಲ್ಲಿಯೂ ರಬ್ಬರಿನ ಬುಷ್‌ಗಳಿರುತ್ತವೆ. ಅವುಗಳ ಬೋಲ್ಟನ್ನು ಗಾಲಿಗಳು ನೆಲಕ್ಕೆ ಊರಿ, ಮೋಟಾರು ತನ್ನ ಸಹಜ ಎತ್ತರದಲ್ಲಿ ನಿಂತಿರುವಾಗಲೇ ಬಿಗಿಯಬೇಕು. ಗಾಲಿಯು ಜೋಲಾಡುತ್ತಿರುವಾಗ ಬಿಗಿದರೆ, ಇಳಿಸಿದಾಗ ರಬ್ಬರು ತಿರುಚಿಕೊಂಡು ಆ ಬದಿಯನ್ನು ಮೇಲಕ್ಕೆ ದೂಡುತ್ತಲೇ ಇರುತ್ತದೆ. ಈ ಮಾತು ಬಂದಾಗ ಉಸ್ತಾದರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಬ್, ಎಡಗಡೆ ಬರೋಬ್ಬರಿ ಬಿಗಿದೀನ್ರಿ. ಬಲಗಡೆ ಕತ್ತಲಾಗಿತ್ತು, ಗಡಬಡದಾಗ ಎತ್ತಿದ್ದಾಗಲೇ ಬಿಗಿದೆ. ಅದು ನನ್ನ ತಪ್ಪು” ಎಂದರು. ಯಾರೂ ಕೇಳದಿದ್ದ ತಪ್ಪನ್ನು ತಾವಾಗಿಯೇ ಒಪ್ಪಿಕೊಂಡ ಆ ಮಾತನ್ನು ಶಿಷ್ಯನು ಕೇಳಿದನು. ಬಲಬದಿಯ ಬೋಲ್ಟುಗಳನ್ನು ಸಡಿಲಿಸಿ, ಮೋಟಾರನ್ನು ನೆಲೆಗೊಳಿಸಿ, ಮರಳಿ ಬಿಗಿದರು. ಬಲಭಾಗವು ೬ ಮಿಲಿಮೀಟರು ಇಳಿಯಿತು. ಉಳಿದದ್ದು ೨೮.

ಈಗ ಶಿಷ್ಯನು, “ನೋಡ್ರಿ ಗುರುಗಳೇ, ಎಲ್ಲಾ ಆಯ್ತು, ಕಮಾನು ಒಂದೇ ಉಳೀತು” ಎಂದನು. ಈ ಬಗೆಯ ತರ್ಕದಲ್ಲಿ ಒಂದು ಅಪಾಯವುಂಟು. ಉಳಿದದ್ದೇ ಕಾರಣವೆನ್ನಬೇಕಾದರೆ ಸಂಭವನೀಯವಾದ ಕಾರಣಗಳೆಲ್ಲ ಪಟ್ಟಿಯಲ್ಲಿ ಸೇರಿರಬೇಕು. ನಮ್ಮ ಪಟ್ಟಿಯಲ್ಲಿದ್ದವೆಲ್ಲ ಹಿಂಭಾಗದವು. ವಾಲು ಕಾಣುತ್ತಿದ್ದದ್ದು ಹಿಂದೆ ಎಂಬ ಒಂದೇ ಕಾರಣದಿಂದ ನಾವು ಮುಂಭಾಗವನ್ನು ನೋಡಿಯೇ ಇರಲಿಲ್ಲ.

ಗೃಹಿಣಿಯರಿಗೆ ತಿಳಿಯುವ ಒಂದು ದೃಷ್ಟಾಂತವನ್ನು ಕೊಡುವೆನು. ಗಟ್ಟಿ ಹಲಗೆಯ ಒಂದು ಮಂಚದ ನಾಲ್ಕು ಕಾಲುಗಳ ಕೆಳಗೂ ಮೆತ್ತನೆಯ ದಿಂಬುಗಳನ್ನಿಟ್ಟಿದ್ದೀರೆಂದು ತಿಳಿಯಿರಿ. ತಲೆಯ ಕಡೆಯ ಎಡಗಾಲಿನ ದಿಂಬು ಮಾತ್ರ ಹರಿದು ಹತ್ತಿ ಹೊರಬಂದರೆ, ವಾಲುವುದು ತಲೆಯ ಕಡೆ ಮಾತ್ರವೇ? ಹಲಗೆ ಗಟ್ಟಿಯಾದ್ದರಿಂದ ಕಾಲ್ದೆಸೆಯೂ ಎಡಕ್ಕೆ ವಾಲುತ್ತದೆ. ಕಾಲ್ದೆಸೆಯಲ್ಲಿ ನಿಂತು ನೋಡಿದವನು ಅಲ್ಲಿನ ದಿಂಬನ್ನು ದೂರುತ್ತಾನೆ. ಮೋಟಾರಿನ ಚಾಸಿಸ್ಸು ಆ ಹಲಗೆಯಂತೆ. ಹೆರಾಲ್ಡಿನಲ್ಲಿ ಹಿಂದಿನ ಮಡ್ಗಾರ್ಡು ಗಾಲಿಗೆ ಸಮೀಪವಾಗಿರುವುದರಿಂದ ವಾಲು ಅಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ.

ಇದನ್ನು ನಿರ್ಣಯಿಸಲು ಒಂದು ಸುಲಭ ಪರೀಕ್ಷೆಯುಂಟು. ಇದನ್ನು ತೋರಿಸಿಕೊಟ್ಟವರು ಉಸ್ತಾದರೇ. ಮುಂಭಾಗದ ಅಡ್ಡತೊಲೆಯ ನಟ್ಟನಡುವೆ ಒಂದೇ ಒಂದು ಜಾಕನ್ನಿಟ್ಟು, ಅದರ ಮೇಲೆ ಒಂದು ಮರದ ತುಂಡನ್ನಿಟ್ಟು, ಮುಂದಿನ ಎರಡು ಗಾಲಿಗಳೂ ನೆಲವನ್ನು ಬಿಡುವಷ್ಟು ಮಾತ್ರ ಎತ್ತಬೇಕು. ಆಗ ಮುಂದಿನ ಸ್ಪ್ರಿಂಗುಗಳು ಮೋಟಾರನ್ನು ಯಾವ ಬದಿಗೂ ತಳ್ಳಲಾರವು. ಎಡಬಲದ ಮಾತೆಲ್ಲ ಹಿಂದಿನ ಕಮಾನಿಗೆ ಸೇರುತ್ತದೆ. ವಾಲು ಹಾಗೆಯೇ ಉಳಿದರೆ ಹಿಂದಿನ ಕಮಾನು ದೋಷಿ, ಹೋದರೆ ಮುಂದಿನದು. ಒಂದು ಎಚ್ಚರಿಕೆಯನ್ನು ಮರೆಯಬಾರದು. ಬರಿಯ ಜಾಕಿನ ಮೇಲೆ ನಿಂತ ಮೋಟಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಇಡಕೂಡದು; ಮಕ್ಕಳನ್ನು ಅಂಗಳದಿಂದ ಹೊರಗೆ ಕಳುಹಿಸತಕ್ಕದ್ದು; ಹಿಂಗಾಲಿಗಳಿಗೆ ಕಲ್ಲು ಕೊಟ್ಟಿರತಕ್ಕದ್ದು.

ಎತ್ತಿದರು. ಶಿಷ್ಯನು ತಾನೇ ಟೇಪು ಹಿಡಿದು ಅಳೆದನು; ಮತ್ತೊಮ್ಮೆ ಅಳೆದನು. ೨೮ ಇದ್ದ ಅಂತರ ೫ಕ್ಕೆ ಇಳಿದಿತ್ತು. ಹಿಂದಿನ ಕಮಾನು ಸರಿಯಾಗಿತ್ತು. ಉಸ್ತಾದರು ಮಾಡಿದ ಕೆಲಸ ನೆಟ್ಟಗಿತ್ತು. ಶಿಷ್ಯನು ಕಾಗದದ ಮೇಲೆ ಅಂಕಿಯನ್ನು ಬರೆದು, ತಲೆ ಎತ್ತದೆ ಕುಳಿತನು.

ಉಸ್ತಾದರು ಗೆದ್ದವರಂತೆ ಏನನ್ನೂ ಆಡಲಿಲ್ಲ. “ಮುಂದ ಏನರ ಸಪ್ಪಳ ಬರ್ತಿತ್ತೇನ್ರಿ ವಕೀಲಸಾಬ್?” ಎಂದು ಕೇಳಿದರು. ಶಿಷ್ಯನಿಗೆ ಏನೋ ನೆನಪಾಯಿತು. ಕಮಲಾಪುರಕ್ಕೆ ಫೋನು ಮಾಡಿ ತಾಯಿಯನ್ನು ಕೇಳಿದನು. ಆ ತಾಯಿಯ ಉತ್ತರ ನಮಗೂ ಕೇಳಿಸಿತು: “ಹೋದ ವರ್ಷಾನೇ ಹೇಳಿದ್ನೆಲ್ಲಪಾ, ನನ್ನ ಕಾಲ ಬುಡದಾಗ ಟಕ್ ಟಕ್ ಅಂತದಂತ. ಹಂಪು ಬಂದಾಗೆಲ್ಲ ಅಂತಿತ್ತು. ನನ್ನ ಮಾತು ಯಾರು ಕೇಳ್ತೀರಿ?” ಮುಂದೆ, ತುಸು ತಡೆದು, ತಾವು ಮೋಟಾರನ್ನು ಬಿಟ್ಟ ಕಾರಣವನ್ನೂ ಹೇಳಿದರು. ದಸರೆಯಲ್ಲಿ ನೆಂಟರ ಮನೆಯ ಮುಂದೆ ಇಳಿಯುವಾಗ ಯಾರೋ ನಗೆಯಾಡಿದರಂತೆ: ಅವ್ವ ಕೂತ ಬದಿಗೇ ಕಾರು ಬಾಗಿಬಿಟ್ಟದ ಎಂದು. ಆಕೆ ತುಸು ಸ್ಥೂಲಕಾಯರು. ಯಾವಾಗಲೂ ಮುಂದಿನ ಎಡ ಆಸನದಲ್ಲಿ ಕೂಡುವವರು. ಗಂಡ ಜೋಪಾನ ಮಾಡಿದ ಮೋಟಾರು ತನ್ನ ಭಾರದಿಂದ ಕೆಟ್ಟಿತೆಂದು ಮನಸ್ಸಿಗೆ ಹಚ್ಚಿಕೊಂಡು, ಯಾರಿಗೂ ಹೇಳದೆ ಬಸ್ಸು ಹಿಡಿದಿದ್ದರು.

ವಾಚಕರೇ, ಆ ಹೊತ್ತು ಮೋಟಾರಿನೊಳಗೆ ಯಾರೂ ಇರಲಿಲ್ಲ. ಆದರೂ ಅದು ವಾಲಿಯೇ ಇತ್ತು. ಕುಳಿತವರ ಭಾರದಿಂದ ಬರುವ ವಾಲು ಅವರು ಇಳಿದೊಡನೆ ಹೋಗತಕ್ಕದ್ದು. ಆ ತಾಯಿ ಇಲ್ಲದಾಗಲೂ ವಾಲು ಇದೆಯೆಂದಮೇಲೆ ಆಕೆ ಅದಕ್ಕೆ ಕಾರಣಳಲ್ಲ. ಇಷ್ಟು ಸರಳವಾದ ವ್ಯತಿರೇಕವನ್ನು ಆ ನಗೆಗಾರನೂ ಯೋಚಿಸಲಿಲ್ಲ, ನೊಂದವರೂ ಯೋಚಿಸಲಿಲ್ಲ. ಇಷ್ಟೂ ತಿಂಗಳು ದೋಷದ ನೇರ ಮೇಲೆ ಕುಳಿತು, ಅದರ ಸಪ್ಪಳವನ್ನು ಕಿವಿಯಾರೆ ಕೇಳಿ ಹೇಳಿದವರನ್ನೇ ದೋಷಕ್ಕೆ ಕಾರಣವೆಂದು ಮಾಡಿದ್ದಾಯಿತು!

ಹೆರಾಲ್ಡಿನ ಬಾನೆಟ್ಟು ಮಡ್ಗಾರ್ಡುಗಳೊಡನೆ ಒಂದೇ ಮುಚ್ಚಳವಾಗಿ ಮುಂದಕ್ಕೆ ತೆರೆದುಕೊಳ್ಳುವುದರಿಂದ ಮುಂದಿನ ಸ್ಪ್ರಿಂಗುಗಳನ್ನು ನೋಡುವುದು ಸುಲಭ. ಆದರೂ ಎಡಸ್ಪ್ರಿಂಗು ಕೂಡುವ ಬಟ್ಟಲಿನಲ್ಲಿ ವರ್ಷಗಳ ಗ್ರೀಸು, ಧೂಳು ತುಂಬಿತ್ತು. ಉಸ್ತಾದರು ಕೆರೆದು ಬ್ಯಾಟರಿಯ ಬೆಳಕು ಹಿಡಿದರು. ಸುರುಳಿಯ ಎಲ್ಲಕ್ಕಿಂತ ಕೆಳಗಿನ ಸುತ್ತು ಮುರಿದು, ತುಂಡು ಅಲ್ಲಿಯೇ ಕುಳಿತಿತ್ತು. ಒತ್ತಿದಾಗಲೆಲ್ಲ ಮೇಲಿನ ತುದಿಯು ಆ ತುಂಡಿಗೆ ಬಡಿದು ಟಕ್ಕೆನ್ನುತ್ತಿತ್ತು.

ಸುರುಳಿ ಸ್ಪ್ರಿಂಗನ್ನು ಬಿಚ್ಚುವ ಕೆಲಸವನ್ನು ಮನೆಯಲ್ಲಿ ಯಾರೂ ಮಾಡಬಾರದು. ಅದುಮಿಟ್ಟ ಸ್ಪ್ರಿಂಗು ಕೈತಪ್ಪಿದರೆ ಪ್ರಾಣಕ್ಕೇ ಎರವಾಗುತ್ತದೆ. ಅದನ್ನು ಬಿಗಿಹಿಡಿಯುವ ಉಪಕರಣವುಳ್ಳವರೇ ಬಿಚ್ಚಬೇಕು. ಮತ್ತೂ ಒಂದು ಮಾತು. ಮುರಿದದ್ದು ಒಂದೇ ಆದರೂ ಎರಡೂ ಬದಿಯ ಸ್ಪ್ರಿಂಗುಗಳನ್ನು ಜೋಡಿಯಾಗಿ ಬದಲಾಯಿಸತಕ್ಕದ್ದು. ಹೊಸತೂ ಹಳೆಯದೂ ಒಂದೇ ನೊಗಕ್ಕೆ ಹೊಂದವು. ಚೆನ್ನೈಯಿಂದ ಜೋಡಿ ಬರಲು ಹತ್ತು ದಿನ ಹಿಡಿಯಿತು. ಹಾಕಿದ ಮೇಲೆ ಹಿಂಭಾಗದ ಅಂತರ ೬ ಮಿಲಿಮೀಟರು. ಶಿಷ್ಯನಿಗೆ ಅದನ್ನೂ ಕಳೆಯುವ ಆಸೆ. ಉಸ್ತಾದರು ಬೇಡವೆಂದರು. ಹೊಸದಾಗಿದ್ದಾಗಲೂ ಆ ಮೋಟಾರಿನ ತಗಡಿನ ಮೈ ಎರಡು ಬದಿಗೂ ಕೂದಲೆಳೆಯಷ್ಟು ಸಮವಾಗಿರಲಿಲ್ಲ. ಅರವತ್ತರ ಹತ್ತಿರದ ದೇಹದಲ್ಲಿ ಕಾಲಂಗುಲದ ವ್ಯತ್ಯಾಸವನ್ನು ಕ್ಷಮಿಸಬೇಕು. ಅದೇ ವಯಸ್ಸಿನ ನಾನು ಈ ಮಾತನ್ನು ಮನಸಾರೆ ಅನುಮೋದಿಸಿದೆನು.

ನೋಟೀಸಿಗೆ ಮೊದಲೇ ಮತ್ತೊಂದು ಗ್ಯಾರೇಜಿನವರು, ಹಿಂದಿನ ಎಡಬದಿಗೆ ಒಂದು ಉಕ್ಕಿನ ದಪ್ಪ ತುಂಡನ್ನು ಕೊಟ್ಟು ಎತ್ತರಿಸೋಣ, ಬೇಕಾದರೆ ಚಾಸಿಸ್ಸಿಗೆ ಬೆಸುಗೆ ಹಾಕೋಣ ಎಂದಿದ್ದರಂತೆ. ಹಾಗೆ ಮಾಡಿದ್ದರೆ ಕಣ್ಣಿಗೆ ಮೋಟಾರು ನೆಟ್ಟಗಾಗುತ್ತಿತ್ತು. ಆದರೆ ಭಾರವು ಹಿಂದಿನ ಎಡಗಾಲಿಗೂ ಮುಂದಿನ ಬಲಗಾಲಿಗೂ ಕರ್ಣದಂತೆ ಸರಿದು, ಉಳಿದೆರಡು ಗಾಲಿಗಳು ಹಗುರವಾಗಿ, ಬ್ರೇಕು ಹಾಕಿದಾಗ ಮೋಟಾರು ಒಂದು ಬದಿಗೆ ಎಳೆಯುತ್ತಿತ್ತು. ಒಳಗಿನ ಮುರಿದ ಸ್ಪ್ರಿಂಗು ಹೆದ್ದಾರಿಯಲ್ಲಿ ಎಂದಾದರೊಂದು ದಿನ ಪೂರ್ತಿ ಕೈಬಿಡುತ್ತಿತ್ತು. ಲಕ್ಷಣವನ್ನು ಮುಚ್ಚುವುದು ಚಿಕಿತ್ಸೆಯಲ್ಲ. ಮೇಲಾಗಿ ೨೦೨೧ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ ೫೦ ವರ್ಷ ಮೀರಿದ ವಾಹನವನ್ನು ವಿಂಟೇಜ್ ವಾಹನವೆಂದು ದಾಖಲಿಸಿಕೊಳ್ಳಬೇಕಾದರೆ ಅದರ ಚಾಸಿಸ್ಸನ್ನೂ ಮೈಕಟ್ಟನ್ನೂ ಎಂಜಿನನ್ನೂ ಮಾರ್ಪಡಿಸಿರಬಾರದು. ಹಾಗೆ ದಾಖಲಾದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವೆಂಬುದನ್ನೂ ತಿಳಿದಿರಬೇಕು. ಆದರೆ ಮುಂದೆಂದಾದರೂ ಆ ದಾರಿ ಬೇಕೆನ್ನುವವರು ಇಂದು ಅವಸರದ ಬೆಸುಗೆಯಿಂದ ಅದನ್ನು ಮುಚ್ಚಿಕೊಳ್ಳಬಾರದು.

ಬೇರೆ ಜಾತಿಯ ಹಳೆಯ ಮೋಟಾರುಳ್ಳವರಿಗೂ ಕ್ರಮ ಇದೇ. ಅಂಬಾಸಡರಿನಲ್ಲಿಯೂ ಎಂ.ಜಿ.ಬಿ.ಯಂತಹ ಇಂಗ್ಲಿಷ್ ಕ್ರೀಡಾಮೋಟಾರಿನಲ್ಲಿಯೂ ಹಿಂದೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಕಮಾನುಗಳಿರುತ್ತವೆ. ಮುಂಭಾಗವು ನಿರ್ದೋಷಿಯೆಂದು ತಿಳಿದ ಮೇಲೆ ಆ ಎರಡನ್ನೂ ಅದಲುಬದಲು ಮಾಡಬೇಕು. ವಾಲು ಕಮಾನಿನ ಜೊತೆ ಮತ್ತೊಂದು ಬದಿಗೆ ಹೋದರೆ ಕಮಾನು ದೋಷಿ. ಮೊದಲಿದ್ದ ಬದಿಯಲ್ಲಿಯೇ ನಿಂತರೆ ತುಕ್ಕು ಹಿಡಿದ ಅಥವಾ ಪೆಟ್ಟು ತಿಂದ ಚಾಸಿಸ್ಸನ್ನು ಸಂಶಯಿಸಬೇಕು. ಹೆರಾಲ್ಡಿನಲ್ಲಿ ಎರಡು ಗಾಲಿಗಳಿಗೂ ಅಡ್ಡಲಾಗಿ ಒಂದೇ ಕಮಾನಿರುವುದರಿಂದ ಅದನ್ನೇ ತುದಿ ತಿರುಗಿಸಿ ಹಾಕಿದರೆ ಅದೇ ಪರೀಕ್ಷೆಯಾಗುತ್ತದೆ. ಒಟ್ಟಿನಲ್ಲಿ ಸುಲಭವಾದದ್ದನ್ನೂ ಖರ್ಚಿಲ್ಲದ್ದನ್ನೂ ಮೊದಲು ನೋಡತಕ್ಕದ್ದು. ನೆಲ, ಭಾರ, ಗಾಳಿ, ಬುಷ್ಷು, ಮುಂಭಾಗ, ಕಡೆಗೆ ಕಮಾನು.

ಶಿಷ್ಯನು ಉಸ್ತಾದರ ಅಂಗಡಿಗೆ ತಾನೇ ಹೋಗಿ, ನೋಟೀಸಿನ ಮಾತನ್ನು ಮರೆಮಾಚದೆ ತಿಳಿಸಿ, “ಮಾಫ್ ಮಾಡ್ರಿ ಉಸ್ತಾದ” ಎಂದನಂತೆ. ಅವರು ಚಹಾ ತರಿಸಿದರಂತೆ. ಅವನನ್ನು ಜರೆಯಲು ನನಗೆ ಅಧಿಕಾರವಿಲ್ಲ. ತರಗತಿಯ ಹಿಂದಿನ ಸಾಲಿನಿಂದ ಗದ್ದಲ ಕೇಳಿದೊಡನೆ, ಅಲ್ಲಿ ಕುಳಿತ ಹುಡುಗನೊಬ್ಬನನ್ನು ವಿಚಾರಿಸದೆ ನಿಲ್ಲಿಸಿ ಹೊಡೆದದ್ದು ನನಗೂ ನೆನಪಿದೆ. ಗದ್ದಲದ ಮೂಲ ಮುಂದಿನ ಸಾಲಿನಲ್ಲಿತ್ತು. ನನಗದು ಗೊತ್ತಾಗುವ ಹೊತ್ತಿಗೆ ಆ ಹುಡುಗನು ಶಾಲೆಯನ್ನು ಬಿಟ್ಟುಹೋಗಿದ್ದನು. ಅವನಿಂದ ಕ್ಷಮೆ ಕೇಳುವ ಅವಕಾಶ ನನಗೆ ಸಿಕ್ಕಲಿಲ್ಲ.

ಜಾತ್ರೆಯ ಹಿಂದಿನ ದಿನ ನನ್ನನ್ನೂ ಕೂಡಿಸಿಕೊಂಡು ಶಿಷ್ಯನು ಕಮಲಾಪುರಕ್ಕೆ ಹೋದನು. ತಾಯಿಯವರು ಸಿದ್ಧರಾಗಿ ಕಟ್ಟೆಯ ಮೇಲೆ ಕುಳಿತಿದ್ದರು; ಆದರೆ ಮೋಟಾರಿನ ಹತ್ತಿರ ಬಂದು ತುಸು ಹಿಂಜರಿದರು. ನಾನು ಹಿಂದಿನ ಆಸನದಲ್ಲಿದ್ದೆನು. ಅವರು ಮುಂದಿನ ಎಡ ಆಸನದಲ್ಲಿ ಕುಳಿತು, ಬಾಗಿಲು ಹಾಕಿಕೊಂಡು, ಹೊರಗೆ ನಿಂತಿದ್ದ ಮೊಮ್ಮಗನನ್ನು ಕರೆದು, “ಹಿಂದ ಹೋಗಿ ನೋಡಪಾ. ಬಾಗ್ಯಾದೇನು?” ಎಂದು ಕೇಳಿದರು. ಹುಡುಗನು ಹಿಂದೆ ಹೋಗಿ, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, “ಇಲ್ಲವ್ವಾ, ಸೀದಾ ಅದ” ಎಂದನು. ಆಕೆ ಏನನ್ನೂ ಹೇಳಲಿಲ್ಲ; ಸೆರಗನ್ನು ಸರಿಪಡಿಸಿಕೊಂಡು ಮಗನಿಗೆ ಹೊರಡೆಂದು ಕೈಸನ್ನೆ ಮಾಡಿದರು. ಕಲಬುರಗಿ ಮುಟ್ಟುವವರೆಗೂ ದಾರಿಯಲ್ಲಿ ಹಂಪು ಬಂದಾಗಲೆಲ್ಲ ಕಾಲ ಬುಡಕ್ಕೆ ಕಿವಿಗೊಟ್ಟು ಕೇಳುತ್ತಲೇ ಇದ್ದರು. ಸಪ್ಪಳವಿರಲಿಲ್ಲ.

ಕೆಂಪು ಬಾಳೆಯ ಒಂದು ಗೊನೆ ನನ್ನ ಮನೆಗೂ ಇಳಿಯಿತು. ಅರ್ಧವನ್ನು ಉಸ್ತಾದರಿಗೆ ಕಳುಹಿಸಿದೆನು. ಅಂಕಿಗಳ ಕಾಗದ ನನ್ನ ಪುಸ್ತಕದಲ್ಲಿಯೇ ಉಳಿದಿದೆ. ಅದರ ಮತ್ತೊಂದು ಬದಿಯಲ್ಲಿರುವುದನ್ನು ಶಿಷ್ಯನೇ ಗೀಟು ಹೊಡೆದು ಅಳಿಸಿದ್ದಾನೆ. ಅಲಮತಿವಿಸ್ತರೇಣ.